ಬಂದ ಆಸ್ತಿ ಹಣವನ್ನು ವರ್ಷ ಮುಟ್ಟಲಿಲ್ಲ: ನನ್ನ ಅನುಭವ

ಚಿಕ್ಕಪ್ಪ ಉಯಿಲಿನಲ್ಲಿ ನನಗೆ ಬಿಟ್ಟುಹೋದ ಹಣ ನನ್ನ ಸುಮಾರು 20 ವರ್ಷದ ಸಂಬಳದಷ್ಟಿತ್ತು. ವರ್ಷದ ಮಟ್ಟಿಗೆ ಸುಮ್ನೆ ಠೇವಣಿಯಲ್ಲಿಡುತ್ತೇನೆ ಎಂದಾಗ ಅಣ್ಣ ರೇಗಿದ. "ಬೆಲೆ ಏರಿಕೆ ತಿಂದುಹಾಕುತ್ತೆ ಕಣೋ!" ತಿಂದದ್ದು ನಿಜ. ತೆರಿಗೆ ಕಳೆದರೆ 2% ಹತ್ತಿರ ಸವೆದಿರಬೇಕು. ಆದರೆ ಆ ವರ್ಷ ನನ್ನ ಬಾಗಿಲಿಗೆ ಬಂದ "ಒಳ್ಳೇ ಅವಕಾಶ"ಗಳಲ್ಲಿ ಎರಡು-ಮೂರು ಆಮೇಲೆ ಪೂರ್ತಿ ಮುಳುಗಿದವು. ಅಣ್ಣ ಈಗ ತನ್ನ ನಿವೃತ್ತಿ ಹಣಕ್ಕೆ ನನ್ನ ಲೆಕ್ಕದ ಪುಸ್ತಕ ಕೇಳುತ್ತಾನೆ.

ಉಯಿಲು, ವಾರಸು, ತೆರಿಗೆಯ ಕಾಗದಪತ್ರ ನಿಮಗೆ ಗೊತ್ತಿರುವುದೇ, ಬಿಡಿ. ಠೇವಣಿಯನ್ನು ಮಾತ್ರ ಹಲವು ಬ್ಯಾಂಕುಗಳಿಗೆ ಹಂಚಿದೆ. ಬ್ಯಾಂಕ್ ಮುಳುಗಿದರೆ ಹಣ ಕೊಡುವ ಠೇವಣಿ ವಿಮೆಗೆ ಮಿತಿ ಇರುತ್ತಲ್ವಾ.

ವರ್ಷ ಕಳೆದ ಮೇಲೆ ಪಾಲು ಹಾಕಿದ್ದು ಹೀಗೆ: ಸಾಲ ತೀರಿಸಲು 15%, ಆಪತ್ತಿಗೆ 10%, ಮನಸ್ಸಿಗೆ ಬಂದಂತೆ ಖರ್ಚಿಗೆ 5%. ಖರ್ಚಿನ ಪಾಲು ಬಿಡಬೇಡಿ. ಅದಿಲ್ಲದೆ ನಾನು ಬರೆದ ಮೊದಲ ಎರಡು ಯೋಜನೆಗಳು ತಿಂಗಳೂ ನಿಲ್ಲಲಿಲ್ಲ.

ಉಳಿದ 70% ಇಂಡೆಕ್ಸ್ ಫಂಡಿಗೆ, ಅಂದರೆ ಶೇರು ಸೂಚ್ಯಂಕದಲ್ಲಿರುವ ಕಂಪನಿಗಳ ಶೇರುಗಳನ್ನೇ ಕೊಳ್ಳುವ ಫಂಡಿಗೆ. ಒಬ್ಬ ಸಲಹೆಗಾರರು ವರ್ಷಕ್ಕೆ 2% ಶುಲ್ಕದ ಯೋಜನೆ ತಂದಿದ್ದರು. "ಬರೀ ಎರಡು ಪರ್ಸೆಂಟ್ ಸಾರ್" ಎಂದರು. ಅವರ ಎದುರಿಗೇ ಲೆಕ್ಕ ಮಾಡಿದೆ. ವರ್ಷಕ್ಕೆ 7% ಬೆಳೆದರೆ 30 ವರ್ಷದಲ್ಲಿ ಹಣ ಸುಮಾರು 7.6 ಪಟ್ಟು ಆಗುತ್ತದೆ. 2% ಶುಲ್ಕ ಕಳೆದು 5% ಬೆಳೆದರೆ 4.3 ಪಟ್ಟು. ಅವರು ಚೀಲ ಎತ್ತಿಕೊಂಡು ಹೊರಟರು.

ಒಂದೇ ಸಲ ಹಾಕು ಎಂದು ಗೆಳೆಯರ ಒತ್ತಾಯ. ಅಮೆರಿಕದ ಫಂಡ್ ಕಂಪನಿ ವ್ಯಾನ್‌ಗಾರ್ಡ್ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಹಳೇ ಅಂಕಿಗಳನ್ನು ನೋಡಿ, ಕಂತಿಗಿಂತ ಒಟ್ಟಿಗೆ ಹಾಕಿದ್ದೇ ಸುಮಾರು ಮೂರರಲ್ಲಿ ಎರಡು ಸಲ ಗೆದ್ದಿದೆ ಎಂದಿತ್ತು. ಒಪ್ಪಿದೆ. ಆದರೆ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅಮೆರಿಕದ ದೊಡ್ಡ ಕಂಪನಿಗಳ ಶೇರು ಸೂಚ್ಯಂಕ ಎಸ್ ಆ್ಯಂಡ್ ಪಿ 500 ಅರ್ಧಕ್ಕಿಂತ ಜಾಸ್ತಿ ಕುಸಿದಿತ್ತು. ಹಳೇ ಮಟ್ಟ ಮುಟ್ಟಿದ್ದು 2013ರಲ್ಲಿ. ಅಂಥದ್ದು ಎದುರಾದರೆ ಹೆದರಿ ಮಾರುವ ಜಾತಿ ನಾನು. ಅದಕ್ಕೇ ಒಂದೂವರೆ ವರ್ಷ ತಿಂಗಳ ಕಂತು ಹಾಕಿದೆ. ನಡುವೆ ಮಾರುಕಟ್ಟೆ ಐದನೇ ಒಂದರಷ್ಟು ಬಿತ್ತು. ಕಂತು ನಿಲ್ಲಿಸಲಿಲ್ಲ. ಆಗ ಕೊಂಡ ಯೂನಿಟ್‌ಗಳೇ ಈಗ ಹೆಚ್ಚು ಲಾಭದಲ್ಲಿವೆ.

ಪಕ್ಕದಲ್ಲಿ ಒಂದು ಪ್ರಯೋಗವೂ ಇದೆ. ಖರ್ಚಿನ ಪಾಲಿನಿಂದ ಸ್ವಲ್ಪ ತೆಗೆದು ನಾನೇ ಆರಿಸಿದ ಶೇರು ಕೊಂಡೆ. ಫಂಡಿಗಿಂತ ಹಿಂದೆ ಬಿದ್ದಿವೆ, ಎರಡಂತೂ ನೆಲ ಕಚ್ಚಿವೆ. ಆದರೂ ಮುಚ್ಚುವುದಿಲ್ಲ. ಕೈ ತುರಿಕೆ ಅಲ್ಲೇ ತೀರುತ್ತದೆ, ದೊಡ್ಡ ಹಣ ಬಚಾವ್.

ಸಾಲ ಕೇಳಿ ಬಂದ ನೆಂಟರನ್ನು ಸಂಬಂಧ ಕೆಡದಂತೆ ಹೇಗೆ ಕಳಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯೋಲ್ಲ. ಅವರಲ್ಲಿ ಕೆಲವರು ಇದನ್ನೂ ಓದುತ್ತಾರೆ.

ಈಗ ವರ್ಷಕ್ಕೊಮ್ಮೆ ಪಾಲು ನೋಡುತ್ತೇನೆ. ಫಂಡಿನ ಪಾಲು ನಾನು ಗೊತ್ತು ಮಾಡಿಕೊಂಡ ಮಿತಿ ದಾಟಿದ್ದರೆ ಹೆಚ್ಚಿದ್ದನ್ನು ಮಾರಿ ಠೇವಣಿಗೆ ಹಾಕುತ್ತೇನೆ. ಒಂದು ಮಧ್ಯಾಹ್ನದ ಕೆಲಸ, ಅಷ್ಟೇ.