ಭಾಷಣ ಬೇಡ, ಬಸ್ಸಿನ ಟೈಮ್ ಹೇಳಿ: ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮಾರ್ಗದರ್ಶಿ ಆಗುವುದು ಹೇಗೆ?

ಕೊಡಗಿನಲ್ಲಿ ಮಕ್ಕಳಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ನಿವೃತ್ತ ಸೇನಾಧಿಕಾರಿ, ಬ್ಯಾಂಕಿನವರು, ಬೆಂಗಳೂರಿನಿಂದ ತೋಟಕ್ಕೆ ವಾಪಸ್ ಬಂದ ಎಂಜಿನಿಯರ್, ಎಲ್ಲರಿಗೂ ಒಳ್ಳೆಯ ಮನಸ್ಸಿದೆ. ಹೈಸ್ಕೂಲಿಗೆ ಹೋಗಿ ಮೈಕ್ ಹಿಡಿದು, ಗುರಿ ಇರಲಿ, ಛಲ ಇರಲಿ ಅಂತ ಒಂದು ಗಂಟೆ ಮಾತಾಡಿ, ಫೋಟೊ ತೆಗೆಸಿಕೊಂಡು ಬರುತ್ತಾರೆ. ಜೂನ್‌ನಲ್ಲಿ ಕಾಲೇಜಿಗೆ ಸೇರುವಾಗ ಆ ಮಕ್ಕಳು ಪಕ್ಕದ ಬೆಂಚಿನವರು ಯಾವ ಕೋರ್ಸ್ ತಗೊಂಡರೋ ಅದನ್ನೇ ತಗೊಳ್ಳುತ್ತಾರೆ. ನಿಜವಾಗಿ ಉಪಯೋಗಕ್ಕೆ ಬರಬೇಕು ಅಂದರೆ ಹೀಗೆ ಮಾಡಿ.

ಹಂತ 1: ಕೇಳಿ, ಒಪ್ಪಿಗೆ ಪಡೆಯಿರಿ. ಮುಖ್ಯ ಶಿಕ್ಷಕರನ್ನು ಕಾಣಿ, ಶಾಲೆಯ ಉಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಒಂದು ಪತ್ರ ಕೊಡಿ. ಮೂರು ನಾಲ್ಕು ಮಕ್ಕಳು ಸಾಕು. ಶಾಲೆಯ ಜಗಲಿಯಲ್ಲಿ, ಶಿಕ್ಷಕರ ಕಣ್ಣಿಗೆ ಬೀಳುವಂತೆ ಕೂತು ಮಾತಾಡಿ. ನಿಮ್ಮ ಮನೆ, ನಿಮ್ಮ ಕಾರು ಬೇಡ. ಫೋನ್ ನಂಬರ್ ಬೇಕಾದರೆ ಅಪ್ಪ ಅಮ್ಮನದ್ದು ತಗೊಳ್ಳಿ.

ಹಂತ 2: ಸಮಯ ನೋಡಿಕೊಳ್ಳಿ. ಜುಲೈ ಪೂರ್ತಿ ಮಳೆ ರಜೆಯ ಕಾಟ. ನವೆಂಬರ್ ಕೊನೆಯಿಂದ ಕಾಫಿ ಕೊಯ್ಲು. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಮುಗಿದ ಮೇಲೆ ಶುರು ಮಾಡಿ, ನವೆಂಬರ್-ಡಿಸೆಂಬರ್‌ನ ಹುತ್ತರಿ ಹಬ್ಬದ ಹೊತ್ತಿಗೆ ಮುಖ್ಯ ಮಾತುಕತೆ ಮುಗಿಸಿ.

ಹಂತ 3: ಮಗುವಿನ ಬಾಯಿ ಬಿಡಿಸಿ. ಎಲ್ಲರೂ ಎಡವುವುದು ಇಲ್ಲೇ. "ಮುಂದೆ ಏನಾಗ್ಬೇಕು ಅಂತಿದ್ದೀಯಾ?" ಅಂತ ಕೇಳಿದರೆ ಕೆಲಸ ಕೆಟ್ಟಿತು. ಹುಡುಗ ಕಾಲ ಬೆರಳು ನೋಡುತ್ತಾ ಡಾಕ್ಟರ್, ಪೊಲೀಸ್, ಮಿಲಿಟರಿ, ಇಷ್ಟರಲ್ಲಿ ಒಂದನ್ನು ಹೇಳುತ್ತಾನೆ. ಅವನು ಕಂಡಿರುವ ಕೆಲಸಗಳೇ ಅಷ್ಟು. ನೀವು "ವೆರಿ ಗುಡ್" ಅಂದಿರೋ, ಮಾತು ಅಲ್ಲಿಗೆ ಮುಗಿಯಿತು.

ನಿನ್ನೆಯ ಬಗ್ಗೆ ಕೇಳಿ. "ನಿನ್ನೆ ಶಾಲೆ ಬಿಟ್ಟ ಮೇಲೆ ಏನು ಮಾಡಿದೆ?" ಮೊದಲು "ಏನಿಲ್ಲ ಸರ್" ಅನ್ನುತ್ತಾರೆ. ಸುಮ್ನೆ ಕಾಯಿರಿ. ಆ ಮೌನ ತುಂಬಲು ನಿಮ್ಮ ಕಾಲದ ಕಥೆ ತೆಗೆಯಬೇಡಿ. ಎರಡನೇ ಸಲ, ಮೂರನೇ ಸಲ ಕೂತಾಗ ನಿಧಾನಕ್ಕೆ ಹೊರಬರುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯ ಒಬ್ಬ ಹುಡುಗಿ ದಿನಾ ಸಂಜೆ ಅಮ್ಮ ಕುಯ್ದ ಕಾಫಿ ಹಣ್ಣಿನ ಲೆಕ್ಕವನ್ನು ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದಳು. ತಾರೀಖು, ಕೆಜಿ, ಎದುರಿಗೆ ತೋಟದ ಲೆಕ್ಕ ಬರೆಯುವ ರೈಟ್ರು ಹೇಳಿದ ಕೆಜಿ. ವಾರದ ಬಟವಾಡೆಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಅಮ್ಮನ ಜತೆ ಹೋಗಿ ಕೇಳುವವಳೂ ಅವಳೇ. ಇಂಥದ್ದು ಕಿವಿಗೆ ಬಿದ್ದ ಕೂಡಲೇ "ನೀನು ಸಿಎ ಆಗು!" ಅಂತ ಕೂಗಬೇಡಿ. ತಾಳೆಯಾಗದಿದ್ದರೆ ತಪ್ಪು ಎಲ್ಲಿ ಅಂತ ಹೇಗೆ ಹುಡುಕುತ್ತೀಯಾ ಅಂತ ಕೇಳಿ. ಕಳೆ ಹೊಡೆಯುವ ಮಿಷನ್ ಬಿಚ್ಚಿ ಕೂರುವ ಹುಡುಗ ಸಿಕ್ಕರೂ ಅಷ್ಟೇ, ಬಿಚ್ಚಿದ್ದನ್ನು ವಾಪಸ್ ಜೋಡಿಸಿದ್ದು ಹೇಗೆ ಅಂತ ಕೇಳಿ. ಮಗುವಿನ ಎದುರು ಡೈರಿ ತೆಗೆದು ಬರೆಯಬೇಡಿ, ವಿಚಾರಣೆ ಅನ್ನಿಸುತ್ತದೆ. ಮನೆಗೆ ಹೋಗಿ ಬರೆದುಕೊಳ್ಳಿ.

ಆನ್‌ಲೈನ್ ಆಪ್ಟಿಟ್ಯೂಡ್ ಟೆಸ್ಟ್‌ಗಳಿಗೆ ದುಡ್ಡು ಸುರಿಯಬೇಡಿ. ಬಣ್ಣಬಣ್ಣದ ಗ್ರಾಫ್ ಬರುತ್ತದೆ, ಮಗು ಅದನ್ನೇ ಜಾತಕ ಅಂತ ನಂಬುತ್ತದೆ.

ಹಂತ 4: ಯಾವ ಬಾಗಿಲು ಮುಚ್ಚುತ್ತದೆ ಅಂತ ತೋರಿಸಿ. ಕೋರ್ಸ್ ಆರಿಸುವುದು ನಿಮ್ಮ ಕೆಲಸ ಅಲ್ಲ. ಪಿಯುಸಿಯಲ್ಲಿ ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರವನ್ನು (ಕೊನೆಗೆ ಹೆಚ್ಚುವರಿ ವಿಷಯವಾಗಿಯಾದರೂ) ಓದದಿದ್ದರೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಇಲ್ಲ, ಬಿಎಸ್ಸಿ ನರ್ಸಿಂಗ್ ಇಲ್ಲ. ಸೈನ್ಸ್ ಓದಿ ಬಿಕಾಂಗೆ ಹೋಗಬಹುದು, ಕಾಮರ್ಸ್ ಓದಿ ಪೊನ್ನಂಪೇಟೆಯ ಫಾರೆಸ್ಟ್ರಿ ಕಾಲೇಜಿಗೆ ಹೋಗಲಾಗದು. ಪಾಲಿಟೆಕ್ನಿಕ್ ಅಂದರೆ ದಡ್ಡರಿಗೆ ಅನ್ನುವ ಮಾತು ಇನ್ನೂ ಓಡಾಡುತ್ತಿದೆ, ಅದನ್ನು ಕಿತ್ತುಹಾಕಿ. ಹತ್ತನೇ ಕ್ಲಾಸ್ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ. ಐಟಿಐ ಮಾಡಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿಯಿದೆ.

ಸೇನೆಯ ವಿಷಯಕ್ಕೆ ಬಂದರೆ, ಇಲ್ಲಿ ಪ್ರತಿ ಊರಲ್ಲೂ ಒಬ್ಬ ಮಾಜಿ ಸೈನಿಕರ ಸಲಹೆ ಸಿಗುತ್ತದೆ. ಅವರು ಹೇಳುವುದು ಅವರ ಕಾಲದ ಭರ್ತಿ. 2022ರಿಂದ ಸಾಮಾನ್ಯ ಸೈನಿಕರ ಭರ್ತಿ ಅಗ್ನಿಪಥ ಯೋಜನೆಯಲ್ಲಿ ನಡೆಯುತ್ತಿದೆ. ನಾಲ್ಕು ವರ್ಷದ ಸೇವೆ, ಆಮೇಲೆ ಶೇ 25ರವರೆಗೆ ಮಾತ್ರ ಖಾಯಂ. ಇದನ್ನು ಮುಚ್ಚಿಡದೆ ಹೇಳಿ.

ಹಂತ 5: ಮನೆಗೆ ಹೋಗಿ, ಶಿಕ್ಷಕರ ಜತೆ. ಕಾಲೇಜು ಯಾವುದು ಅನ್ನುವುದಕ್ಕಿಂತ ಬಸ್ ಎಷ್ಟೊತ್ತಿಗೆ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಒಳ ಊರುಗಳಿಗೆ ಬರುವುದು ಬಹುಪಾಲು ಪ್ರೈವೇಟ್ ಬಸ್. ಆ ಚಾರ್ಜು, ಫೀಸು, ಹಾಸ್ಟೆಲ್ ಇದೆಯೋ ಇಲ್ಲವೋ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಅಮ್ಮನ ಕೈಗೆ ಕೊಡಿ. ಆಗುವುದಾದರೆ ಮಗು ಮತ್ತು ಪೋಷಕರ ಜತೆ ಅದೇ ಬಸ್ಸಿನಲ್ಲಿ ಒಮ್ಮೆ ಕಾಲೇಜಿಗೆ ಹೋಗಿ ಬನ್ನಿ.

ಹಂತ 6: ಕಾಗದಪತ್ರ. ಬೇಸರದ ಕೆಲಸ, ಆದರೆ ಸೀಟು ತಪ್ಪುವುದು ಇಲ್ಲೇ. ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ಇರಲಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮಳೆಗಾಲಕ್ಕೆ ಮೊದಲೇ ಹೋಗಿ. ಕರೆಂಟ್ ಹೋಗಿ ನೆಟ್‌ವರ್ಕ್ ಸತ್ತ ಮೇಲೆ ಯಾರನ್ನು ಬೈದರೂ ಆಗದು. ಸಿಇಟಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗಿನ ಓದಿನ ದಾಖಲೆ ಬೇಕು. ತೋಟದಿಂದ ತೋಟಕ್ಕೆ ಹೋಗುವ ಕುಟುಂಬದ ಮಕ್ಕಳು ಮೂರು ನಾಲ್ಕು ಶಾಲೆ ಬದಲಿಸಿರುತ್ತಾರೆ. ಅಷ್ಟೂ ಶಾಲೆಗಳಿಂದ ತರಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಹಾಕಿಸಬೇಕು. ಇದನ್ನು ಹತ್ತನೇ ಕ್ಲಾಸಿನಲ್ಲೇ ಮಾಡಿಸಿಡಿ.

ನರ್ಸಿಂಗ್ ಸೀಟು ಕೊಡಿಸ್ತೀವಿ ಅಂತ ಬಣ್ಣದ ಪುಸ್ತಕ ಹಿಡಿದು ಬರುವ ಏಜೆಂಟರ ಕೈಗೆ ಮೂಲ ಅಂಕಪಟ್ಟಿ ಕೊಡಲೇಬೇಡಿ. ಅದು ಒಮ್ಮೆ ಹೋದರೆ, ಕಾಲೇಜು ಬೇಡ ಅಂದರೂ ಪೂರ್ತಿ ಫೀಸು ಕಟ್ಟಿಸಿಕೊಂಡೇ ವಾಪಸ್ ಕೊಡುತ್ತಾರೆ.

ಹಂತ 7: ಸೇರಿದ ಮೇಲೆ ಆಗಸ್ಟ್‌ನಲ್ಲಿ ಒಂದು ಫೋನ್. ಕನ್ನಡ ಮಾಧ್ಯಮದಿಂದ ಸೈನ್ಸ್‌ಗೆ ಹೋದವರು ಕಾಲೇಜು ಬಿಡುವ ಯೋಚನೆ ಮಾಡುವುದು ಆಗಲೇ. "ಹೇಗಿದೆ ಕಾಲೇಜು?" ಅಂದರೆ "ಚೆನ್ನಾಗಿದೆ ಸರ್" ಅಂತಾರೆ. "ಫಿಸಿಕ್ಸ್‌ನಲ್ಲಿ ಈಗ ಯಾವ ಪಾಠ ನಡೀತಿದೆ?" ಅಂತ ಕೇಳಿ. ಉತ್ತರ ತಡವರಿಸಿದರೆ ಆ ಶನಿವಾರವೇ ಹೋಗಿ ಕಾಣಿ.