ತಲೆ ಬಾಲ ನೋಡದೆ ಮೀನು ಕೊಳ್ಳಬೇಡಿ

ಮೀನಿನಂಗಡಿಯಲ್ಲಿ ಹೆಸರು ಬದಲಾಗುವುದು ಕತ್ತಿ ಬಿದ್ದ ಮೇಲೆ. ಇಡೀ ಮೀನು ಹಲಗೆಯ ಮೇಲಿರುವಾಗ ಸುಳ್ಳು ಹೇಳುವುದು ಕಷ್ಟ. ತಲೆ, ಬಾಲ, ಚರ್ಮ ಹೋಯಿತೋ, ಉಳಿದ ತುಂಡಿಗೆ ಯಾವ ಹೆಸರು ಇಟ್ಟರೂ ನಡೆಯುತ್ತದೆ. ಆದ್ದರಿಂದ ಆದಷ್ಟೂ ಇಡೀ ಮೀನನ್ನೇ ತೂಗಿಸಿ, ಕಣ್ಣೆದುರೇ ಕತ್ತರಿಸಲು ಹೇಳಿ, ತಲೆ ಬಾಲಗಳನ್ನೂ ಅದೇ ಚೀಲಕ್ಕೆ ಹಾಕಿಸಿಕೊಳ್ಳಿ. ತಲೆ ಬೇಡ ಎನ್ನುವವರೂ ತೆಗೆದುಕೊಂಡು ಬನ್ನಿ. ತೂಕಕ್ಕೆ ದುಡ್ಡು ಕೊಟ್ಟಾಗಿದೆ, ಅಂಜಲ್ (ಸುರ್ಮಯಿ) ತಲೆಯ ಸಾರಿನ ರುಚಿ ತುಂಡಿಗೆ ಬರುವುದೂ ಇಲ್ಲ.

ಹೆಚ್ಚು ಮೋಸ ನಡೆಯುವುದು ಬೆಲೆ ಹೆಚ್ಚಿರುವ ಅಂಜಲ್‌ನಲ್ಲೇ. ನಿಜವಾದ ದೊಡ್ಡ ಅಂಜಲ್‌ನ ಪಕ್ಕೆಯ ಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುವ ಸಣ್ಣ, ಅಲೆಯಂಥ ಬೂದು ಪಟ್ಟೆಗಳಿರುತ್ತವೆ. ಕಿವಿರಿನಿಂದ ಬಾಲದ ಕಡೆಗೆ ಓಡುವ ಪಕ್ಕೆಗೆರೆಯನ್ನು ಬೆರಳಲ್ಲಿ ಹಿಂಬಾಲಿಸಿ. ಬೆನ್ನಿನ ಎರಡನೆಯ ರೆಕ್ಕೆಯ ಕೆಳಗೆ ಬಂದಾಗ ಅದು ಥಟ್ಟನೆ ಕೆಳಗಿಳಿಯಬೇಕು. ಬೆನ್ನಿನ ಮೊದಲ ರೆಕ್ಕೆಯ ನಡುವಿನಲ್ಲೇ ಇಳಿದು, ಮೂತಿ ಕೊಕ್ಕಿನಂತೆ ಉದ್ದವಾಗಿ ತಲೆಯ ಅರ್ಧದಷ್ಟಿದ್ದರೆ ಅದು ವಾಹೂ ಎಂಬ ಬೇರೆ ಮೀನು. ಪಟ್ಟೆಯ ಬದಲು ದುಂಡು ಚುಕ್ಕೆಗಳ ಸಾಲಿದ್ದರೆ ಅದು ಅಂಜಲ್‌ನ ದಾಯಾದಿ. ತಿನ್ನಲು ಅಡ್ಡಿಯಿಲ್ಲ, ಆದರೆ ದೊಡ್ಡ ಅಂಜಲ್‌ನ ಬೆಲೆ ಕೊಡಬೇಕಿಲ್ಲ.

ಕತ್ತರಿಸಿಟ್ಟ ತುಂಡನ್ನೇ ಕೊಳ್ಳಬೇಕಾಗಿ ಬಂದರೆ ಚರ್ಮವಿರುವುದನ್ನು ಮಾತ್ರ ಆರಿಸಿ. ಅಂಜಲ್‌ನ ಚರ್ಮ ನುಣುಪು, ಹುರುಪೆ ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು. ಉಗುರಿಗೆ ಸಿಕ್ಕುವಷ್ಟು ದೊಡ್ಡ ಹುರುಪೆ ಇದ್ದರೆ ಅದು ಬಾರಾಕುಡಾ ಆಗಿರಬಹುದು. ಮಾಂಸ ಕಡುಗೆಂಪಾಗಿದ್ದು, ಬೆಂದ ಮೇಲೆ ಕಂದಾಗಿ ಒಣಒಣ ಎನಿಸಿದರೆ ಅದು ಟ್ಯೂನಾ, ನಮ್ಮ ಕಡೆಯ ಕೇದರ್. ಅಂಜಲ್‌ನ ಮಾಂಸ ತಿಳಿ ಬಣ್ಣದ್ದು, ಚರ್ಮದ ಒಳಗೆ ಪಕ್ಕೆಯ ಹತ್ತಿರ ಮಾತ್ರ ಸ್ವಲ್ಪ ಕಪ್ಪು ಮಾಂಸ ಇರುತ್ತದೆ.

ಮಾಂಜಿಯ (ಪಾಂಫ್ರೆಟ್) ವಿಷಯಕ್ಕೆ ಬಂದರೆ, ಬೆಂಗಳೂರು, ಮೈಸೂರಿನಂಥ ಒಳನಾಡಿನ ಊರುಗಳವರು ರೂಪ್‌ಚಂದ್ ಬಗ್ಗೆ ಎಚ್ಚರ ವಹಿಸಬೇಕು. ದಕ್ಷಿಣ ಅಮೆರಿಕ ಮೂಲದ, ಕೆರೆಗಳಲ್ಲಿ ಸಾಕುವ ಸಿಹಿನೀರಿನ ಮೀನು ಅದು. ಆಕಾರ ಚಪ್ಪಟೆ, ದುಂಡಗೆ. ತಲೆ ತೆಗೆದರೆ ಪಾಂಫ್ರೆಟ್ ಎಂದೇ ನಂಬಬೇಕು. ಪತ್ತೆಗೆ ಮೂರು ಗುರುತು ಸಾಕು. ಒಂದು, ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಮುಳ್ಳಿಲ್ಲದ ಸಣ್ಣ ಕೊಬ್ಬಿನ ರೆಕ್ಕೆ. ಬೆರಳಲ್ಲಿ ಸವರಿದರೆ ಗೊತ್ತಾಗುತ್ತದೆ, ಮಾಂಜಿಗೆ ಇದು ಇರುವುದೇ ಇಲ್ಲ. ಎರಡು, ಬಾಯಿ ಬಿಡಿಸಿ ನೋಡಿ, ಮನುಷ್ಯರ ದವಡೆಹಲ್ಲಿನಂಥ ಗಟ್ಟಿ ಹಲ್ಲುಗಳು. ಮೂರು, ಹೊಟ್ಟೆಯ ಕೆಳಗೆ ಒಂದು ಜೋಡಿ ರೆಕ್ಕೆ. ಬೆಳೆದ ಬಿಳಿ ಮಾಂಜಿಗೆ ಹೊಟ್ಟೆರೆಕ್ಕೆ ಇಲ್ಲ. ತಲೆ ಕಡಿದವರೂ ಕೊಬ್ಬಿನ ರೆಕ್ಕೆ ತೆಗೆಯುವುದನ್ನು ಮರೆಯುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. ಈಚೆಗೆ ಪಂಜರದಲ್ಲಿ ಸಾಕಿದ ಪೊಂಪನೊ ಕೂಡ ಮಾಂಜಿಯ ಸಾಲಿನಲ್ಲಿ ಕೂರುತ್ತದೆ. ಹಳದಿ ಛಾಯೆಯ ರೆಕ್ಕೆ, ಬೆನ್ನ ಮೇಲೆ ಬಿಡಿಬಿಡಿ ಗಿಡ್ಡ ಮುಳ್ಳು ಅದರ ಗುರುತು. ಕಪ್ಪು ಮಾಂಜಿಯೂ ಬಿಳಿಯದಕ್ಕೆ ನೆಂಟನಲ್ಲ. ಬಾಲದ ಬುಡದಲ್ಲಿ ಎರಡೂ ಪಕ್ಕೆಗೆ ಗಟ್ಟಿ ಹುರುಪೆಯ ಏಣು ಸಿಗುತ್ತದೆ.

ಮುಳ್ಳು ತೆಗೆದ ತುಂಡಿನಲ್ಲಿ, ಅಂದರೆ ಫಿಲೆಟ್‌ನಲ್ಲಿ, ಹೆಸರು ಹೇಗೆ ಬೇಕಾದರೂ ಓಡಾಡುತ್ತದೆ, ಅದರ ಹಿಂದೆ ಸಾಮಾನ್ಯವಾಗಿ ಬಾಸಾ ಎಂಬ ಸಾಕಿದ ಸಿಹಿನೀರಿನ ಮೀನು ಇರುತ್ತದೆ. ಇಲ್ಲಿ ಗುರುತಿಗಿಂತ ಅಳತೆ ನೋಡಿ. ನಮ್ಮ ಕಡಲಿನ ನಂಗು (ಸೋಲ್) ಹೆಚ್ಚೆಂದರೆ ಒಂದು ಗೇಣಿನಷ್ಟು ಉದ್ದ, ತೆಳ್ಳಗಿನ ಮೀನು. ಅದರಿಂದ ಅಂಗೈಯಗಲದ, ಬೆರಳು ದಪ್ಪದ ತುಂಡು ಬರಲು ಸಾಧ್ಯವೇ ಇಲ್ಲ. ಕಾಣೆಯದೂ (ಲೇಡಿಫಿಶ್) ಅದೇ ಕಥೆ. ‘ಸೋಲ್ ಫಿಲೆಟ್’ ಎಂದು 250 ಗ್ರಾಮಿನ ದಪ್ಪ ತುಂಡು ಕೊಟ್ಟರೆ ಹೆಸರು ತಪ್ಪು ಎಂದೇ ತಿಳಿಯಿರಿ. ಬಾಸಾ ಕೆಟ್ಟ ಮೀನಲ್ಲ, ಅದರ ಬೆಲೆಗೇ ಕೊಡಲಿ. ಗೊಜ್ಜಿನಲ್ಲಿ ಹಾಕಿದರೆ ಒಡೆದು ಹೋಗುತ್ತದೆ, ಕಾವಲಿಗೆ ಇಟ್ಟರೆ ನೀರು ಬಿಡುತ್ತದೆ. ಉಪ್ಪು ಹಚ್ಚಿ ಹತ್ತು ನಿಮಿಷ ಇಟ್ಟು, ಬಟ್ಟೆಯಲ್ಲಿ ಒರೆಸಿ, ರವೆ ಹೊರಳಿಸಿ ಹುರಿದರೆ ಚೆನ್ನಾಗಿರುತ್ತದೆ.

ಪ್ಯಾಕೆಟ್ ಮೀನಿನ ಮೇಲೆ ದೊಡ್ಡ ಅಕ್ಷರದ ಹೆಸರು ಬಿಟ್ಟು ಸಣ್ಣ ಅಕ್ಷರದ ಲ್ಯಾಟಿನ್ ಹೆಸರು ಓದಿ. ಪಂಗಾಸಿಯನೊಡಾನ್ ಎಂದಿದ್ದರೆ ಬಾಸಾ ಜಾತಿ, ಸ್ಕೊಂಬೆರೊಮೊರಸ್ ಕಾಮರ್ಸನ್ ಎಂದಿದ್ದರೆ ಅಂಜಲ್. ತೂಕದ ಮೋಸಕ್ಕೆ ಮಂಜುಗಡ್ಡೆಯ ಪದರ ಸಹಾಯ ಮಾಡುತ್ತದೆ. ಹೊಸ ಅಂಗಡಿಯಾದರೆ ಒಮ್ಮೆ ಜರಡಿಯಲ್ಲಿಟ್ಟು ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಲು ಬಿಡಿ, ನೀರು ಕೆಳಗಿನ ಪಾತ್ರೆಗೆ ಇಳಿಯಲಿ, ಬೆಳಿಗ್ಗೆ ತೂಗಿ. ನಿವ್ವಳ ತೂಕ 500 ಗ್ರಾಂ ಎಂದು ಬರೆದಿದ್ದು 400 ಬಂದರೆ ಆ ಅಂಗಡಿಗೆ ಮತ್ತೆ ಕಾಲಿಡಬೇಡಿ.

ಕಾಣೆಯ ಬದಲು ಅರಣೆ ಮೀನು ಶುಚಿ ಮಾಡಿ ಕೊಡುವುದುಂಟು. ಕಾಣೆಗೆ ಬೆನ್ನ ಮೇಲೆ ಎರಡು ಪೂರ್ಣ ರೆಕ್ಕೆ, ಚೂಪು ಮೂತಿ, ಪುಟ್ಟ ಬಾಯಿ. ಅರಣೆ ಮೀನಿನ ಬಾಯಿ ಅಗಲ, ಸೂಜಿಹಲ್ಲಿನ ಸಾಲು, ಹಿಂದೆ ಮತ್ತದೇ ಸಣ್ಣ ಕೊಬ್ಬಿನ ರೆಕ್ಕೆ. ಕೆಂಪು ಸ್ನ್ಯಾಪರ್ ಎಂದು ಕೆಂಪು ಜಿಲೇಬಿ ಮೀನು (ತಿಲಾಪಿಯಾ) ಕೊಟ್ಟರೆ ಪಕ್ಕೆಗೆರೆ ನೋಡಿ. ಜಿಲೇಬಿಯದು ಎರಡು ತುಂಡಾಗಿ, ಮುಂದಿನದು ಮೇಲೆ, ಹಿಂದಿನದು ಕೆಳಗೆ ಇರುತ್ತದೆ. ಸ್ನ್ಯಾಪರ್‌ನದು ಒಂದೇ ಉದ್ದ ಗೆರೆ.

ಕಾಲವನ್ನೂ ಲೆಕ್ಕಕ್ಕಿಡಿ. ಕರ್ನಾಟಕದ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಯವರು ತಂದ ಸ್ವಲ್ಪ ಮೀನು ಮಾತ್ರ ಸಿಗುತ್ತದೆ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುತ್ತದೆ. ಹಾಗಾಗಿ ಜುಲೈಯಲ್ಲಿ ‘ಮಲ್ಪೆಯ ತಾಜಾ ಅಂಜಲ್’ ರಾಶಿ ರಾಶಿ ಕಂಡರೆ ಅದು ತಮಿಳುನಾಡು, ಆಂಧ್ರದಿಂದ ಬಂದದ್ದೋ ಶೀತಲಗೃಹದಿಂದ ಹೊರಬಂದದ್ದೋ ಇರಬೇಕು. ಬೂತಾಯಿಯಲ್ಲಿ (ಮತ್ತಿ ಮೀನು) ಒಮಾನ್‌ನಿಂದ ಬಂದದ್ದೂ ಸೇರಿರುತ್ತದೆ. ಊರಿನದಕ್ಕಿಂತ ದೊಡ್ಡದಿದ್ದರೆ ಕೇಳಿ ತಿಳಿಯಿರಿ.

ದೂರು ಕೊಡುವುದಾದರೆ ಬಿಲ್ಲೇ ಆಧಾರ. ಬರೀ ‘ಮೀನು’ ಎಂದು ಬರೆದರೆ ಏನೂ ಆಗುವುದಿಲ್ಲ, ‘ಅಂಜಲ್’ ಎಂದೇ ಬರೆಸಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಸೆಕ್ಷನ್‌ನಡಿ ತಪ್ಪು ಹೆಸರಿನ ಆಹಾರ ಮಾರಿದವರಿಗೆ 3 ಲಕ್ಷ ರೂಪಾಯಿಯವರೆಗೆ ದಂಡವಿದೆ. ಅನುಮಾನ ಬಂದ ಮೀನಿಗೆ ಮಸಾಲೆ ಹಚ್ಚುವ ಮುಂಚೆ ಫೋಟೊ ತೆಗೆಯಿರಿ, ಚರ್ಮ ಸಹಿತ 200 ಗ್ರಾಂ ತುಂಡನ್ನು ಬೇರೆ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ಗೆ ಇಡಿ, ಬಿಲ್ಲನ್ನು ಅದೇ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಆಮೇಲೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಡಿಎನ್‌ಎ ಪರೀಕ್ಷೆಗೆ ಬೇಯಿಸಿದ ತುಂಡೂ ನಡೆಯುತ್ತದೆ, ಆದರೆ ಹಸಿಯದೇ ಇದ್ದರೆ ಒಳ್ಳೆಯದು.