ಮಾತು ಮರೆತ ಹಾಡು ಹುಡುಕೋಕೆ ಒಂದು ಸೂಚಿ

ಅಮ್ಮ, ದೊಡ್ಡಮ್ಮ ಸೇರಿ ಬರೆದಿಟ್ಟ ಆರು ನೋಟ್‌ಬುಕ್ ನಮ್ಮ ಮನೆಯಲ್ಲಿವೆ. ಹಸೆಗೆ ಕರೆಯೋ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ದೇವರನಾಮ ಎಲ್ಲ ಸೇರಿ 214. ಮೊದಲ ಸಾಲಿನ ಅಕಾರಾದಿ ಪಟ್ಟಿ ಮಾಡಿಟ್ಟಿದ್ದೆ. ಒಂದು ದಿನ ದೊಡ್ಡಮ್ಮ, "ಧಾಟಿ ಬಾಯಲ್ಲೇ ಇದೆ ಕಣೇ, ಮಾತೇ ಬರ್ತಿಲ್ಲ" ಅಂದರು. ನನ್ನ ಪಟ್ಟಿ ಕೆಲಸಕ್ಕೇ ಬರಲಿಲ್ಲ.

ಇದಕ್ಕೊಂದು ದಾರಿಯನ್ನು ಡೆನಿಸ್ ಪಾರ್ಸನ್ಸ್ ಎನ್ನುವವರು 1975ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ತಾಳ ಬೇಡ, ಶ್ರುತಿ ಬೇಡ. ಪ್ರತಿ ಸ್ವರವೂ ಹಿಂದಿನದಕ್ಕಿಂತ ಏರಿತಾ, ಇಳಿಯಿತಾ, ಅಲ್ಲೇ ನಿಂತಿತಾ ಅಂತ ಮಾತ್ರ ಬರೆದುಕೊಳ್ಳೋದು. ನಾನು ಏರಿದರೆ ಏ, ಇಳಿದರೆ ಇ ಅಂದುಕೊಂಡೆ. ಅದೇ ಸ್ವರ ಬಂದರೆ 'ಸಮ' ಅಂತ ಸ ಬರೆಯೋಣ ಅಂದರೆ ಸರಿಗಮದ ಸ, ಅಂದರೆ ಷಡ್ಜದ ಜೊತೆ ಗೊಂದಲ ಆಗುತ್ತೆ. 'ನಿಂತಿತು' ಅಂತ ನಿ ಬರೆದರೆ ಅದು ನಿಷಾದದ ನಿ! ಕೊನೆಗೆ 'ಒಂದೇ' ಅನ್ನೋದರ ಒ ಇಟ್ಟೆ. ಇ, ಏ, ಒ ಅಕ್ಷರಮಾಲೆಯಲ್ಲೂ ಅದೇ ಕ್ರಮದಲ್ಲಿ ಬರುತ್ತವೆ, ನಿಘಂಟು ನೋಡಿದ ಹಾಗೆ ನೋಡಬಹುದು.

ಸಂಗೀತ ಪಾಠದ ಮೊದಲ ಗೀತೆ 'ಶ್ರೀ ಗಣನಾಥ' ಎಲ್ಲರಿಗೂ ಗೊತ್ತಲ್ವಾ? ಮ ಪ ದ ಸ ಸ ರಿ, ರಿ ಸ ದ ಪ ಮ ಪ. ಇಲ್ಲಿ ಮೂರೂ ಸ ಮೇಲಿನ ಷಡ್ಜ, ರಿ ಅದಕ್ಕೂ ಮೇಲಿನದು. ಮೊದಲ ಸ್ವರಕ್ಕೆ ಏನೂ ಬರೆಯೋದಿಲ್ಲ. ಉಳಿದದ್ದು ಹೀಗೆ: ಏಏಏಒಏ ಒಇಇಇಇ ಏ. ಐದೈದು ಅಕ್ಷರಕ್ಕೆ ಜಾಗ ಬಿಟ್ಟರೆ ಕಣ್ಣಿಗೆ ಸಲೀಸು.

ಕಷ್ಟ ಶುರುವಾಗಿದ್ದು ನಮ್ಮ ಹಾಡುಗಳಲ್ಲಿ. ಅಮ್ಮನ ಕೈಲಿ ಒಂದು ಆರತಿ ಹಾಡು ಹಾಡಿಸಿ ಬರೆದುಕೊಂಡೆ, ಆಮೇಲೆ ದೊಡ್ಡಮ್ಮನ ಕೈಲಿ. ಧಾಟಿ ಒಂದೇ, ನನ್ನ ಅಕ್ಷರ ಬೇರೆ ಬೇರೆ! ಮತ್ತೆ ಮತ್ತೆ ಕೇಳಿದಾಗ ಗೊತ್ತಾಯಿತು. ಅಮ್ಮ ಎರಡನೇ ನುಡಿಯಿಂದ ಶುರು ಮಾಡಿದ್ದರು. ಅದರಲ್ಲಿ ಎರಡಕ್ಷರ ಜಾಸ್ತಿ. ಆ ಎರಡನ್ನೂ ಅದೇ ಸ್ವರದಲ್ಲಿ ಹಾಡಿ ಮುಂದೆ ಹೋಗಿದ್ದರು. ಮಾತು ಬದಲಾದ ಹಾಗೆ ಒ ಹೆಚ್ಚು ಕಡಿಮೆ ಆಗುತ್ತೆ, ಏರಿಳಿತ ಬದಲಾಗೋದಿಲ್ಲ. ಅದಕ್ಕೇ ಒ ಪೂರ್ತಿ ತೆಗೆದುಬಿಟ್ಟೆ. ಗೀತೆ ಈಗ ಏಏಏಏಇ ಇಇಇಏ. ಎರಡೇ ಅಕ್ಷರವಾದ್ದರಿಂದ ಬೇರೆ ಬೇರೆ ಧಾಟಿಗಳು ಒಂದೇ ಕಡೆ ಬಂದು ಕೂರಬಾರದು ಅಂತ ಪ್ರತಿ ಹಾಡಿಗೂ ಏರಿಳಿತದ ಹನ್ನೆರಡು ಹೆಜ್ಜೆ ಬರೆದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಸರಿಯಾಗಿ ಮಾಡಿದ್ದು ಇದೊಂದು ತೀರ್ಮಾನ.

ಸ್ವರವನ್ನು ಜಾರಿಸಿ, ಅಲುಗಿಸಿ ಹಾಡೋ ಗಮಕಕ್ಕೂ ಒಂದು ನಿಯಮ ಬೇಕಿತ್ತು. ಅಕ್ಷರ ಎಲ್ಲಿ ನಿಲ್ಲುತ್ತೋ ಆ ಸ್ವರ ಮಾತ್ರ ಲೆಕ್ಕ, ನಡುವಿನ ಜಾರು ಬಿಟ್ಟೆ. ಇಬ್ಬರೂ ನಿಜವಾಗಲೂ ಬೇರೆ ಥರ ಹಾಡಿದರೆ ಹಾಡನ್ನು ಎರಡು ಕಡೆ ಸೇರಿಸಿದೆ. ಯಾರು ಸರಿ ಅಂತ ನಾನು ಯಾಕೆ ತೀರ್ಮಾನ ಮಾಡಲಿ?

ಎಲ್ಲವನ್ನೂ ಎಕ್ಸೆಲ್‌ನಲ್ಲಿ ಹಾಕಿ, ಜೋಡಿಸಿ, ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಒಂದೇ ಧಾಟಿಯ ಹಾಡುಗಳು ತಾವಾಗಿಯೇ ಒಟ್ಟಿಗೆ ಬಂದವು. ಒಂದು ಕಡೆಯಂತೂ ಏಳು ಹಾಡು! ದೊಡ್ಡಮ್ಮ ಹುಡುಕುತ್ತಿದ್ದ ತೊಟ್ಟಿಲ ಹಾಡು ಅಲ್ಲೇ ಇತ್ತು, ಒಂದು ಆರತಿ ಹಾಡಿನ ಕೆಳಗೆ.

ಪ್ರತಿ ಪುಟದಲ್ಲೂ ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟಿದ್ದೇನೆ. ದೊಡ್ಡಮ್ಮ ಈಗಾಗಲೇ ಪೆನ್ಸಿಲ್‌ನಲ್ಲಿ ಮೂರು ಹಾಡು ಸೇರಿಸಿದ್ದಾರೆ. ಒಂದರಲ್ಲಿ ಏರಿಳಿತ ನನಗೆ ಹೊಂದುತ್ತಿಲ್ಲ. ಮುಂದಿನ ವಾರ ಊರಿಗೆ ಹೋದಾಗ ಅವರ ಎದುರು ಕೂತು ಇನ್ನೊಮ್ಮೆ ಹಾಡಿಸಿಕೊಳ್ಳಬೇಕು.